ಕಡತದಲ್ಲಿ ತುಂಬಿ ತುಳುಕುವ ಕೆರೆ

ಲಾಸ್ ವೇಗಸ್ ನಗರದಿಂದ ಮುಕ್ಕಾಲು ಗಂಟೆ ಕಾರು ಓಡಿಸಿ, ಹೂವರ್ ಅಣೆಕಟ್ಟನ್ನು ದಾಟಿ ಅರಿಜೋನಾದ ಮಣ್ಣುರಸ್ತೆಗೆ ಇಳಿದರೆ, ನೆತ್ತಿಯನ್ನು ಯಾರೋ ಕುಡುಗೋಲಿನಿಂದ ಸವರಿ ಹಾಕಿದಂತಿರುವ ಒಂದು ಕಪ್ಪು ಬೆಟ್ಟ ಕಾಣುತ್ತದೆ. ಇದರ ಹೆಸರು ಫೋರ್ಟಿಫಿಕೇಷನ್ ಹಿಲ್, ಎತ್ತರ 3,718 ಅಡಿ. ಇಂಥ ಚಪ್ಪಟೆ ತಲೆಯ ಬೆಟ್ಟಗಳಿಗೆ ಅಲ್ಲಿಯವರು ಮೇಸಾ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯ ಆ ಪದಕ್ಕೆ ಅರ್ಥವೂ ಮೇಜು ಎಂದೇ. ಕಳೆದ ಜನವರಿಯಲ್ಲಿ ನಾವು ಹದಿನಾಲ್ಕು ಮಂದಿ ಕನ್ನಡಿಗರು ಈ ಮೇಜನ್ನು ಹತ್ತಿ, ಕೊಲರಾಡೋ ನದಿಗೆ ಹೂವರ್ ಅಣೆಕಟ್ಟು ಅಡ್ಡ ನಿಂತದ್ದರಿಂದ ಅದರಡಿಯಲ್ಲಿ ಹರಡಿಕೊಂಡಿರುವ ಲೇಕ್ ಮೀಡ್ ಎಂಬ ಮಹಾಕೆರೆಯನ್ನು ಕಣ್ತುಂಬಿಕೊಂಡು, ಪುಳಿಯೋಗರೆ ತಿಂದು ಬರುವುದೆಂದು ನಿಶ್ಚಯಿಸಿದೆವು.

ಮರುಭೂಮಿಯ ಚಾರಣವೆಂದ ಮೇಲೆ ನೀರಿನ ಲೆಕ್ಕ ಮೊದಲು. ನಮ್ಮ ತಂಡದ ಮುಖಂಡರು ತಲಾ 4 ಲೀಟರಿನಂತೆ 56 ಲೀಟರ್ ನೀರನ್ನು ಎಕ್ಸೆಲ್ ಶೀಟಿನಲ್ಲಿ ಬಹಳ ಅಚ್ಚುಕಟ್ಟಾಗಿ ಹಂಚಿದ್ದರು. ಬೆಟ್ಟದ ಬುಡದಲ್ಲಿ ಡಿಕ್ಕಿ ತೆರೆದು ನೋಡಿದಾಗ ಇದ್ದದ್ದು 38 ಲೀಟರ್. ಉಳಿದ ಹದಿನೆಂಟು ಲೀಟರ್ ಹಿಂದಿನ ಪ್ರವಾಸದಲ್ಲಿಯೇ ಕುಡಿದು ಮುಗಿದಿದ್ದವಾದರೂ ಶೀಟಿನಿಂದ ಅಳಿಸಿರಲಿಲ್ಲ. “ಹಂಚಿಕೆ ಆಗಿಹೋಗಿದೆ ಸಾರ್, ಈಗ ಬದಲಾಯಿಸಿದರೆ ಎಲ್ಲರಿಗೂ ಬೇಜಾರಾಗುತ್ತದೆ” ಎಂದು ಮುಖಂಡರು ಹೇಳಿದಾಗ ನಾನು ನಕ್ಕೆ. ಮೇಲೆ ಹತ್ತಿದ ಮೇಲೆ ಗೊತ್ತಾಯಿತು, ಅವರು ಆ ನಾಡಿನ ಸಂಪ್ರದಾಯವನ್ನು ಅಕ್ಷರಶಃ ಪಾಲಿಸಿದ್ದರು.

ಹತ್ತುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಡಿಲವಾದ ಕರಿಕಲ್ಲುಗಳ ಮೇಲೆ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಸೊಂಟಕ್ಕೊಂದು ವರ್ಷದ ಕಂದಾಯ ಅಲ್ಲಿಯೇ ಸಂದಾಯವಾಗುತ್ತದೆ. ನೆತ್ತಿಯ ಬಯಲನ್ನು ದಾಟಿ ಪಶ್ಚಿಮದ ಅಂಚಿಗೆ ಬಂದು ನಿಂತರೆ ಮಾತ್ರ ಎಲ್ಲರ ಬಾಯಿಂದಲೂ ಒಂದೇ ಉದ್ಗಾರ ಹೊರಡುತ್ತದೆ. ಕೆಂಪು ಬಂಡೆಗಳ ನಡುವೆ ನೀಲಿ ನೀರು, ನೀರಿಗೂ ಬಂಡೆಗೂ ಮಧ್ಯೆ ಸುತ್ತಲೂ ಎಳೆದ ಬೆಳ್ಳನೆಯ ಪಟ್ಟಿ. ತಂಡದವರೆಲ್ಲ ಆ ಬಿಳಿ ಅಂಚು ಚೌಕಟ್ಟಿನೊಳಗೆ ಬರುವಂತೆ ನಿಂತು ಸೆಲ್ಫಿ ತೆಗೆದುಕೊಂಡರು. ರೇಷ್ಮೆ ಸೀರೆಯ ಜರಿಯಂತಿದೆ ಎಂದೂ ಒಬ್ಬರು ವರ್ಣಿಸಿದರು.

ಬಚ್ಚಲುಮನೆಯ ಹಂಡೆಯಲ್ಲಿ ಗಡಸು ನೀರು ಕಾಯಿಸಿದವರಿಗೆ ಆ ಜರಿಯ ಗುರುತು ಸಿಗುತ್ತದೆ. ನೀರು ಇಳಿದಂತೆಲ್ಲ ಬಂಡೆಗೆ ಅಂಟಿ ಉಳಿದ ಸುಣ್ಣದ ಕರೆ ಅದು. ತುಂಬಿದಾಗ ಈ ಕೆರೆಯ ಮಟ್ಟ ಸಮುದ್ರಮಟ್ಟದಿಂದ 1,229 ಅಡಿ. 2022ರ ಜುಲೈನಲ್ಲಿ ಅದು ಸುಮಾರು 1,040 ಅಡಿಗೆ ಕುಸಿದಿತ್ತು. ನಮ್ಮ ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ. ಹಾಗಾಗಿ ಈ ಕೆರೆ ಕಳೆದುಕೊಂಡದ್ದು ಒಂದೂವರೆ ಕನ್ನಂಬಾಡಿಯಷ್ಟು ಎತ್ತರದ ನೀರನ್ನು. ಕೋಡಿ ಬಿದ್ದು ಹರಿದದ್ದು 1983ರಲ್ಲಿ. ಆ ವರ್ಷ ಹುಟ್ಟಿದವರು ನಮ್ಮ ತಂಡದಲ್ಲಿದ್ದರು, ಅವರಿಗೆ ಈಗ ಮಂಡಿನೋವು.

ನೀರು ಹೋದದ್ದೆಲ್ಲಿಗೆ ಎಂಬ ಪ್ರಶ್ನೆಗೆ ಉತ್ತರವನ್ನು ನದಿಗಿಂತ ಕಡತದಲ್ಲಿ ಹುಡುಕುವುದು ಲೇಸು. 1922ರ ನವೆಂಬರಿನಲ್ಲಿ ಏಳು ರಾಜ್ಯಗಳ ಪ್ರತಿನಿಧಿಗಳು ಸಾಂತಾ ಫೆ ಬಳಿ ಕುಳಿತು ಕೊಲರಾಡೋ ನದಿಯನ್ನು ಹಂಚಿಕೊಂಡರು: ಮೇಲಿನವರಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ (ಒಂದು ಎಕರೆಯ ಮೇಲೆ ಒಂದಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ), ಕೆಳಗಿನವರಿಗೆ 75 ಲಕ್ಷ. ಸಾವಿರಾರು ವರ್ಷಗಳಿಂದ ಆ ದಡದಲ್ಲಿಯೇ ಬದುಕಿದ್ದ ಮೂಲನಿವಾಸಿಗಳನ್ನು ಕರೆಯಲಿಲ್ಲ. ಅವರ ಬಗ್ಗೆ ಸರ್ಕಾರಕ್ಕಿರುವ ಹೊಣೆಗೆ ಇದರಿಂದ ಬಾಧಕವಿಲ್ಲ ಎಂದು ಒಂದು ವಾಕ್ಯ ಸೇರಿಸಿ ಕೈತೊಳೆದುಕೊಂಡರು; ಅಷ್ಟು ಕೈತೊಳೆಯಲು ಆಗ ನೀರಿತ್ತು. 1944ರಲ್ಲಿ ಮೆಕ್ಸಿಕೋಗೆ ಇನ್ನೊಂದು 15 ಲಕ್ಷ ಬರೆದುಕೊಟ್ಟರು. ಒಟ್ಟು 165 ಲಕ್ಷ ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 719 ಟಿಎಂಸಿ. ಕಾವೇರಿ ನ್ಯಾಯಮಂಡಳಿ ನಮ್ಮ ನದಿಯಲ್ಲಿ ಕಂಡದ್ದು 740 ಟಿಎಂಸಿ. ಮಂಡ್ಯದವರೊಬ್ಬರು ಬೆಟ್ಟದ ತುದಿಯಲ್ಲಿ ಮೊಬೈಲಿನ ಕ್ಯಾಲ್ಕುಲೇಟರಿನಿಂದ ಇದನ್ನು ಸಾಧಿಸಿ ತೋರಿಸಿ, ಪರದೇಶದಲ್ಲಿ ಸೋದರತ್ತೆಯ ಮಗಳನ್ನು ಕಂಡಷ್ಟು ಸಂತೋಷಪಟ್ಟರು.

ತೊಡಕು ಇಷ್ಟೇ: ಅಷ್ಟು ನೀರು ಆ ನದಿಯಲ್ಲಿಲ್ಲ. ಸಹಿ ಹಾಕಿದವರು ನೋಡಿದ್ದು ಶತಮಾನಗಳಲ್ಲೊಮ್ಮೆ ಬರುವಂಥ ಸುಭಿಕ್ಷದ ವರ್ಷಗಳ ಹರಿವನ್ನು. ಇಷ್ಟು ನೀರಿಲ್ಲ ಎಂದು ಸರ್ಕಾರಿ ಭೂವಿಜ್ಞಾನ ಸಮೀಕ್ಷೆಯ ಲರೂ ಎಂಬ ಜಲತಜ್ಞರು ಆಗಲೇ ಎಚ್ಚರಿಸಿದ್ದರು. ಮದುವೆಮನೆಯಲ್ಲಿ ಅಕ್ಕಿ ಸಾಲದೆಂದವನಿಗೆ ಸಿಗುವ ಮರ್ಯಾದೆ ಅವರಿಗೂ ಸಿಕ್ಕಿತು. ಈ ಶತಮಾನದಲ್ಲಿ ನದಿಯ ಸರಾಸರಿ ಹರಿವು ಸುಮಾರು 124 ಲಕ್ಷ ಎಕರೆ-ಅಡಿ. ಸಾಲದ್ದಕ್ಕೆ ಕೆಳಗಿನ ರಾಜ್ಯಗಳ ಲೆಕ್ಕದಲ್ಲಿ ಆವಿಯಾಗಿ ಹೋಗುವ ನೀರನ್ನು ಯಾರ ಖಾತೆಗೂ ಖರ್ಚು ಹಾಕಿಲ್ಲ. ವರ್ಷಕ್ಕೆ ಹತ್ತು ಲಕ್ಷ ಎಕರೆ-ಅಡಿಗೂ ಹೆಚ್ಚು ನೀರು ಹೀಗೆ ಹಾರಿಹೋಗುತ್ತದೆ. ಸೂರ್ಯ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ ಅವನು ಕುಡಿದದ್ದನ್ನು ಕುಡಿದನೆಂದು ಪರಿಗಣಿಸಲಾಗದು ಎಂಬುದು ಇಲ್ಲಿನ ನ್ಯಾಯವಿರಬೇಕು.

ಖಾಲಿಯಾಗುವ ಕೆರೆಗೆ ಕಂಡುಕೊಂಡ ಪರಿಹಾರವನ್ನಂತೂ ಮೆಚ್ಚಲೇಬೇಕು. ನೀರು ಕೆಳಗಿಳಿದಂತೆ ಲಾಸ್ ವೇಗಸ್ ಇನ್ನೂ ಆಳದಲ್ಲಿ ಕೊಳವೆ ಹಾಕಿತು. 2015ರಲ್ಲಿ ಮುಗಿದ ಮೂರನೆಯ ಕೊಳವೆಗೆ ಅಲ್ಲಿಯವರು ಪ್ರೀತಿಯಿಂದ ಸ್ಟ್ರಾ ಎನ್ನುತ್ತಾರೆ. ಎಳನೀರು ಮುಗಿಯುತ್ತ ಬಂದಾಗ ಸ್ಟ್ರಾ ಉದ್ದ ಮಾಡುವವನನ್ನು ನಾವು ಹುಂಬ ಎನ್ನುತ್ತೇವೆ, ಅಲ್ಲಿ ಅದು ಎಂಜಿನಿಯರಿಂಗ್. ಕೊರತೆಗೂ ಹಂತಗಳನ್ನು ಗೊತ್ತುಮಾಡಿದ್ದಾರೆ. ಮೊದಲನೆಯ ಹಂತಕ್ಕೂ ಮುಂಚೆ ಸೊನ್ನೆ ಹಂತವೆಂಬುದೊಂದಿದೆ. ಯಾರೂ ನಡೆದಾಡದ, ಬರೀ ನೋಟಕ್ಕೆ ಬೆಳೆಸಿದ ಹುಲ್ಲನ್ನು ಅನುಪಯುಕ್ತ ಹುಲ್ಲೆಂದು ನೆವಾಡಾ 2021ರಲ್ಲಿ ಕಾನೂನಿನಲ್ಲಿಯೇ ಘೋಷಿಸಿ, 2027ರಿಂದ ಅದಕ್ಕೆ ಈ ನದಿಯ ನೀರಿಲ್ಲ ಎಂದಿತು. (ನ್ಯಾಯವಾಗಿ ಹೇಳಬೇಕೆಂದರೆ, ಮನೆಯೊಳಗೆ ಬಳಸಿದ ನೀರನ್ನು ಶುದ್ಧ ಮಾಡಿ ಕೆರೆಗೇ ಮರಳಿಸುವ ಶಿಸ್ತು ಆ ಜೂಜಿನ ಊರಿಗಿದೆ, ನಮ್ಮ ಬೆಂಗಳೂರಿನ ಕೆರೆಗಳ ಸುದ್ದಿ ಎತ್ತದಿರುವುದು ಒಳ್ಳೆಯದು.) ನದಿಯ ನೀರಿನ ಅತಿದೊಡ್ಡ ಪಾಲು ಕುಡಿಯುವುದು ಮಾತ್ರ ಉಪಯುಕ್ತ ಹುಲ್ಲು, ಅಂದರೆ ಕುದುರೆಮಸಾಲೆ ಮೊದಲಾದ ಮೇವು. ಅದರಲ್ಲೊಂದು ಭಾಗ ಹಡಗು ಹತ್ತಿ ಪರದೇಶದ ದನಗಳಿಗೆ ಹೋಗುತ್ತದೆ. ನದಿಗಾದರೋ ಕಡಲಿನವರೆಗೆ ತಲುಪುವ ಭಾಗ್ಯ ಸಾಮಾನ್ಯವಾಗಿ ಇಲ್ಲ, ಅದರ ಹುಲ್ಲು ಕಡಲನ್ನೇ ದಾಟುತ್ತದೆ.

ಇಳಿಯುವ ಹೊತ್ತಿಗೆ ನಮ್ಮ ನೀರು ಮುಗಿಯುತ್ತ ಬಂದಿತ್ತು. ಆಗ ಒಬ್ಬರು ವಾಟ್ಸ್ಆ್ಯಪ್ ಗುಂಪಿನಲ್ಲಿ ತಾವೇ ಮೊದಲು ಹೆಸರು ಕೊಟ್ಟದ್ದೆಂದು ನೆನಪಿಸಿ, ಉಳಿದ ಬಾಟಲಿಯ ಮೇಲೆ ಹಕ್ಕು ಸ್ಥಾಪಿಸಿದರು. ಅವರನ್ನು ಆಕ್ಷೇಪಿಸುವಂತಿರಲಿಲ್ಲ. ಅಮೆರಿಕದ ಪಶ್ಚಿಮದಲ್ಲಿ ಮೊದಲು ಬಂದವನಿಗೇ ಮೊದಲ ನೀರು. ಅರಿಜೋನಾ 1968ರಲ್ಲಿ ತನ್ನ ಕಾಲುವೆಗೆ ಒಪ್ಪಿಗೆ ಪಡೆದದ್ದೇ, ಕೊರತೆ ಬಂದರೆ ಕ್ಯಾಲಿಫೋರ್ನಿಯಾದ ಪಾಲು ಮೊದಲು ಎಂದು ತಲೆಬಾಗಿ. ನಾವೂ ತಲೆಬಾಗಿದೆವು. ಕಾರಿನ ಬಳಿ ತಲುಪಿದಾಗ ಮುಖಂಡರು ಲ್ಯಾಪ್‌ಟಾಪ್ ತೆರೆದು ಮುಂದಿನ ಚಾರಣದ ಶೀಟು ಸಿದ್ಧಪಡಿಸುತ್ತಿದ್ದರು. ಎರಡು ಹೊಸ ಕುಟುಂಬಗಳು ಸೇರಿವೆಯಂತೆ. ಹಳೆಯ 56 ಲೀಟರಿಗೆ ಕೈಹಚ್ಚದೆ, ಅದರ ಕೆಳಗೆ ಇನ್ನೆರಡು ಸಾಲು ಕೂಡಿಸಿದರು.