ವಿವೇಕದಿಂದ ಮೈ ಕಂದಿಸಿಕೊಳ್ಳುವ ವಿಧಾನ

ಬೆಳ್ಳಗಿನ ಮೈಯನ್ನು ಅತಿನೇರಳೆ ದೀಪಗಳಿಂದ ಕಂದುಬಣ್ಣಕ್ಕೆ ತಿರುಗಿಸುವ ಯಂತ್ರಕ್ಕೆ ಟ್ಯಾನಿಂಗ್ ಹಾಸಿಗೆ ಎಂದು ಹೆಸರು. ಅಮೆರಿಕದಲ್ಲಿ ಅದರ ಮೇಲೆ ಅಂಟಿಸಲೇಬೇಕೆಂದು ಸರ್ಕಾರ ಕಡ್ಡಾಯ ಮಾಡಿರುವ ಎಚ್ಚರಿಕೆಯ ಚೀಟಿಯ ಕೊನೆಯಲ್ಲಿ ಒಂದು ಮಾತಿದೆ: ಬಿಸಿಲಿನಲ್ಲಿ ಮೈ ಕಂದದವರಿಗೆ ಈ ಯಂತ್ರದಲ್ಲೂ ಕಂದುವುದು ಅನುಮಾನ. ಅಂದರೆ ಕಂದುವವರಿಗೆ ಬಿಸಿಲು ಹೊರಗೆ ಪುಕ್ಕಟೆ ಸಿಗುತ್ತದೆ, ಕಂದದವರಿಗೆ ಯಂತ್ರವೂ ಕೈಕೊಡುತ್ತದೆ. ಇನ್ನು ದುಡ್ಡು ಕೊಟ್ಟು ಆ ಗಾಜಿನ ಮೇಲೆ ಮಲಗಿ, ಮೇಲಿನ ಮುಚ್ಚಳವನ್ನು ಎಳೆದುಕೊಂಡು, ಕೆಳಗೂ ಮೇಲೂ ಉರಿಯುವ ನೀಲಿ ಕೊಳವೆಗಳ ನಡುವೆ ದೋಸೆಯಂತೆ ಬೇಯಬೇಕಾದವರು ಯಾರೋ, ಚೀಟಿ ಹೇಳುವುದಿಲ್ಲ.

ಸುರಕ್ಷತೆಗೇನೂ ಕೊರತೆಯಿಲ್ಲ. ಮೊದಲು ನಿಮ್ಮ ಚರ್ಮ ಯಾವ ಬಗೆಯದೆಂದು ಅರ್ಜಿ ತುಂಬಬೇಕು. ಔಷಧಿ ಸೇವಿಸುತ್ತಿದ್ದರೆ ವೈದ್ಯರನ್ನು ಕೇಳಬೇಕು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ನುಂಗುವವರ ಚರ್ಮ ಬೇಗ ಸುಡುತ್ತದೆ. ಆದರೆ ಮೊಡವೆಯವರೇ ಅಲ್ಲವೇ ಅಂದಕ್ಕಾಗಿ ಇಲ್ಲಿಗೆ ಬರುವುದು! ಚರ್ಮವೈದ್ಯರನ್ನು ಕೇಳಿದರೆ ಅವರು ಆ ಕಡೆ ತಲೆಯನ್ನೇ ಹಾಕಬೇಡಿ ಎನ್ನುತ್ತಾರೆ. ಹಾಗಾಗಿ ವಿವೇಕಿಗಳು ಕೇಳುವುದಿಲ್ಲ. ಆಮೇಲೆ ಕಣ್ಣಿಗೆ ಪುಟ್ಟ ಕನ್ನಡಕ. ರೆಪ್ಪೆ ಮುಚ್ಚಿದರೂ ಅತಿನೇರಳೆ ಕಿರಣ ಒಳನುಗ್ಗುವುದರಿಂದ ಅದು ಬೇಕೇಬೇಕು. ಆದರೆ ಹಾಕಿಕೊಂಡರೆ ಕಣ್ಣಿನ ಸುತ್ತ ಬಿಳಿಯ ಉಂಗುರ ಉಳಿದು ಮುಖ ಕೆಡುತ್ತದೆಂದು ಎಷ್ಟೋ ಜನ ಅದನ್ನು ತೆಗೆದು ಪಕ್ಕಕ್ಕಿಡುತ್ತಾರೆ. ಕಣ್ಣು ಹೋದರೂ ಬಣ್ಣ ಸಮವಾಗಿರಬೇಕಲ್ಲ.

ರಜೆಗೆ ಕಡಲತೀರಕ್ಕೆ ಹೋಗುವವರಿಗೆ ಇನ್ನೊಂದು ಸಲಹೆ: ಮೊದಲೇ ಸ್ವಲ್ಪ ಕಂದಿಸಿಕೊಂಡು ಹೋದರೆ ಅಲ್ಲಿ ಸುಡುವುದಿಲ್ಲ. ಹೀಗೆ ಗಳಿಸಿದ ಕವಚದ ಶಕ್ತಿ, ಬಿಸಿಲಿನ ಸುಡುವಿಕೆಯಿಂದ ರಕ್ಷಣೆಯ ಅಳತೆಯಾದ ಎಸ್‌ಪಿಎಫ್ ಲೆಕ್ಕದಲ್ಲಿ, ಹೆಚ್ಚೆಂದರೆ 3 ಅಥವಾ 4. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸನ್‌ಸ್ಕ್ರೀನ್‌ನದು 30. ವಿಟಮಿನ್ ಡಿ ಸಿಗುತ್ತದೆಂಬ ಮಾತೂ ಚಾಲ್ತಿಯಲ್ಲಿದೆ. ಅದನ್ನು ತಯಾರಿಸುವುದು ಅತಿನೇರಳೆ ಕಿರಣದಲ್ಲಿ ಯುವಿಬಿ ಎಂಬ ಬಗೆ, ಹಾಸಿಗೆಗಳು ಸುರಿಸುವುದು ಬಹುಪಾಲು ಯುವಿಎ ಎಂಬ ಇನ್ನೊಂದು ಬಗೆ. ಇಂಥ ಜಾಹೀರಾತುಗಳಿಗಾಗಿ 2010ರಲ್ಲಿ ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಈ ಉದ್ಯಮದ ಸಂಘದ ಕಿವಿ ಹಿಂಡಿತು.

ನಮ್ಮವರು ಇದನ್ನು ಓದಿ ಮುಸಿಮುಸಿ ನಗುವುದು ಬೇಡ. ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯೆ ಎಂದು ಮಗಳನ್ನು ಗದರಿ, ಮದುವೆಯ ವಾರ ಬ್ಯೂಟಿ ಪಾರ್ಲರಿನಲ್ಲಿ ಡಿ-ಟ್ಯಾನ್ ಮಾಡಿಸುವ ನಾವೇನು ಕಡಿಮೆಯವರಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಈ ಹಾಸಿಗೆಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ತಂಬಾಕು ಮತ್ತು ಕಲ್ನಾರಿನ ಪಂಕ್ತಿಗೆ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಅಂದಕ್ಕಾಗಿ ಇವುಗಳ ಬಳಕೆಯನ್ನೇ ನಿಷೇಧಿಸಿತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 26 ವರ್ಷದ ಯುವತಿಯೊಬ್ಬಳು ಸಾಯುವ ಮೊದಲು ಈ ಹಾಸಿಗೆಗಳ ವಿರುದ್ಧ ದನಿಯೆತ್ತಿ, 2007ರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅಲ್ಲಿನ ಹೆಚ್ಚಿನ ರಾಜ್ಯಗಳು 2015ರ ಹೊತ್ತಿಗೆ ಇಂಥ ಅಂಗಡಿಗಳ ಬಾಗಿಲು ಮುಚ್ಚಿಸಿದವು. ಇವರಿಗೆ ವಿವೇಕದ ಬಳಕೆ ಎಂಬುದು ತಿಳಿಯದು, ಪಾಪ. ಇಂಗ್ಲೆಂಡಿಗೆ ತಿಳಿದಿದೆ. ಅದು 18 ತುಂಬದವರನ್ನು ಮಾತ್ರ ಹೊರಗಿಟ್ಟು, ಹದಿನೆಂಟನೆಯ ಹುಟ್ಟುಹಬ್ಬದ ದಿನದಿಂದಲೇ ಒಳಗೆ ಬಿಟ್ಟುಕೊಂಡಿತು.

ವಾಷಿಂಗ್ಟನ್ ಇವರೆಲ್ಲರನ್ನೂ ಮೀರಿಸಿತು. ಒಬಾಮಾ ಕಾಲದ ಆರೋಗ್ಯ ಮಸೂದೆಗೆ ಹಣ ಹೊಂದಿಸಲು ಸೆನೆಟ್ ಮೊದಲು ಕಣ್ಣಿಟ್ಟಿದ್ದು ಬೊಟಾಕ್ಸ್ ಮತ್ತು ಸೌಂದರ್ಯದ ಶಸ್ತ್ರಚಿಕಿತ್ಸೆಗಳ ಮೇಲೆ. ಶೇಕಡಾ 5 ತೆರಿಗೆ ಎಂದಿತು. ಸುಕ್ಕು ಬಿಡಿಸುವ ವೈದ್ಯರು ಗದ್ದಲವೆಬ್ಬಿಸಿದರು. ಕೊನೆಗೆ ಅದನ್ನು ಕೈಬಿಟ್ಟು, ಸುಕ್ಕು ತರಿಸುವ ಹಾಸಿಗೆಗಳ ಮೇಲೆ ಶೇಕಡಾ 10 ಹೇರಿದರು. 2010ರ ಜುಲೈ 1ರಿಂದ ವಸೂಲಿಯೂ ಶುರುವಾಯಿತು. ಕ್ಯಾನ್ಸರ್ ತರುವ ವ್ಯಾಪಾರ ನಡೆದಷ್ಟು ಕಾಲ ಚಿಕಿತ್ಸೆಗೆ ಬೊಕ್ಕಸ ತುಂಬುತ್ತಿರುತ್ತದೆ. ಇಂಥ ಲೆಕ್ಕ ನಮ್ಮ ಅಬಕಾರಿ ಇಲಾಖೆಗೂ ಅರ್ಥವಾಗುತ್ತದೆ. ಆದರೆ ಒಂದು ವಿನಾಯಿತಿ ಇದೆ. ಮುಖ್ಯವಾಗಿ ವ್ಯಾಯಾಮಕ್ಕೆಂದೇ ಇರುವ ಜಿಮ್ ತನ್ನ ಸದಸ್ಯರಿಗೆ ಪ್ರತ್ಯೇಕ ಶುಲ್ಕವಿಲ್ಲದೆ ಈ ಹಾಸಿಗೆ ಒದಗಿಸಿದರೆ ತೆರಿಗೆ ಇಲ್ಲ. ಆದ್ದರಿಂದ ಆರೋಗ್ಯದ ಕಾಳಜಿ ಇರುವವರು ಅರ್ಧ ಗಂಟೆ ಟ್ರೆಡ್‌ಮಿಲ್ ಮೇಲೆ ಓಡಿ, ಬೆವರು ಒರೆಸಿಕೊಂಡು, ಪಕ್ಕದ ಕೋಣೆಯಲ್ಲಿ ಮಲಗಿಕೊಳ್ಳಬಹುದು. ಶೇಕಡಾ 10 ಉಳಿತಾಯ.