ಜೇ ಚೌ ಬ್ರೂಸ್ ಲೀಯ ಶಿಷ್ಯನಲ್ಲ: ಒಂದು ಸ್ಪಷ್ಟನೆ

'ಬ್ರೂಸ್ ಲೀಯ ಹಾಂಗ್‌ಕಾಂಗ್ ಶಿಷ್ಯ, ಹಾಲಿವುಡ್ ಸಿನಿಮಾದಿಂದ ಹೆಸರು ಮಾಡಿ ಆಮೇಲೆ ಹಾಡಲು ಶುರು ಮಾಡಿದ ಜೇ ಚೌ' ಎಂಬ ಒಕ್ಕಣೆಯ ಚಿತ್ರವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಜೇ ಚೌ ತೈವಾನಿನ ಗಾಯಕ, ಸಂಗೀತ ಸಂಯೋಜಕ, ನಟ; ಈ ಒಕ್ಕಣೆಯಲ್ಲಿ ಹೆಸರೊಂದನ್ನು ಬಿಟ್ಟರೆ ಉಳಿದದ್ದೆಲ್ಲ ತಪ್ಪು.

ಬ್ರೂಸ್ ಲೀ ತೀರಿಕೊಂಡದ್ದು 1973ರಲ್ಲಿ. ಜೇ ಚೌ ಹುಟ್ಟಿದ್ದು 1979ರ ಜನವರಿಯಲ್ಲಿ, ಅದೂ ತೈವಾನಿನಲ್ಲಿ. ಹುಟ್ಟುವ ಮೊದಲೇ ಶಿಷ್ಯನಾಗುವುದು ಪುರಾಣದಲ್ಲಿ ಮಾತ್ರ ಸಾಧ್ಯ! ಗೊಂದಲದ ಮೂಲ ಊಹಿಸಬಹುದು: 1960ರ ದಶಕದ 'ದ ಗ್ರೀನ್ ಹಾರ್ನೆಟ್' ಟಿವಿ ಸರಣಿಯಲ್ಲಿ ಬ್ರೂಸ್ ಲೀ ಮಾಡಿದ್ದ ಕೇಟೋ ಪಾತ್ರವನ್ನೇ 2011ರ ಸಿನಿಮಾದಲ್ಲಿ ಚೌ ಮಾಡಿದ್ದಾರೆ. ನಂಟು ಅಷ್ಟೇ.

ಹಾಡು ಬಂದದ್ದು ಸಿನಿಮಾಕ್ಕಿಂತ ಎಷ್ಟೋ ಮೊದಲು. ಎಳವೆಯಲ್ಲೇ ಪಿಯಾನೊ ಕಲಿತ ಈ ಹುಡುಗ 1990ರ ದಶಕದ ಕೊನೆಗೆ ಟಿವಿಯ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಗೆಳೆಯನ ಹಾಡಿಗೆ ಪಿಯಾನೊ ನುಡಿಸಿದ. ಗೆಲ್ಲಲಿಲ್ಲ, ಆದರೆ ಕೈಬರಹದ ಸ್ವರಲಿಪಿ ಕಂಡ ನಿರೂಪಕ ಜಾಕಿ ವೂ ಕರೆದು ಕೆಲಸ ಕೊಟ್ಟರು. ಬೇರೆ ಗಾಯಕರಿಗೆ ರಾಗ ಹಾಕಿಕೊಡುವುದೇ ಆ ಕೆಲಸ. ಸ್ವಂತ ಆಲ್ಬಂ ಬಂದದ್ದು 2000ದ ನವೆಂಬರಿನಲ್ಲಿ. ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್ ಎಂಬ ಅಮೆರಿಕದ ಸಂಗೀತ ಪ್ರಕಾರ), ರ‍್ಯಾಪ್‌ಗಳಿಗೆ ಚೀನೀ ವಾದ್ಯಗಳನ್ನು ಬೆಸೆದ ಆ ಶೈಲಿ ಮ್ಯಾಂಡರಿನ್ (ಚೀನೀ ಭಾಷೆಯ) ಪಾಪ್ ಸಂಗೀತದ ದಿಕ್ಕನ್ನೇ ಬದಲಿಸಿತು ಎನ್ನಬೇಕು.

ನಟನೆಗೆ ಕಾಲಿಟ್ಟದ್ದು 2005ರ 'ಇನಿಶಿಯಲ್ ಡಿ'ಯಿಂದ. ಅದಕ್ಕೇ ತೈವಾನಿನ ಗೋಲ್ಡನ್ ಹಾರ್ಸ್ ಹೊಸ ಪ್ರತಿಭೆ ಪ್ರಶಸ್ತಿ ಸಿಕ್ಕಿತು. 2007ರಲ್ಲಿ 'ಸೀಕ್ರೆಟ್' ನಿರ್ದೇಶಿಸಿ, ತಾವು ಓದಿದ ತಾಮ್‌ಕಾಂಗ್ ಶಾಲೆಯಲ್ಲೇ ಚಿತ್ರೀಕರಿಸಿದರು. ಹಾಲಿವುಡ್ ಬಂದದ್ದು ಇದೆಲ್ಲ ಆದ ಮೇಲೆ.