ಗುಜರಿಗೆ ಹೋದ ಹಾಳೆಗಳು

ಬಿಎಸ್ಸಿ ಓದುವಾಗ ನಾನು ಮಾಡಿದ ಒಂದು ಹರ್ಬೇರಿಯಂ ಹಾಳೆ, ಅಂದರೆ ಗಿಡ ಒಣಗಿಸಿ ಅಂಟಿಸಿದ ಹಾಳೆ, ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಂಥ ಹಾಳೆಗಳ ಸಂಗ್ರಹವೇ ಹರ್ಬೇರಿಯಂ. ಗಿಡದ ಹೆಸರು ಡ್ರೊಸೆರಾ. ಹುಳ ಹಿಡಿದು ತಿನ್ನುವ ಗಿಡ. ನಮ್ಮೂರಿನ ಪದವಿನಲ್ಲಿ, ಅಂದರೆ ಮುರಕಲ್ಲಿನ ಬಯಲಿನಲ್ಲಿ, ಮಳೆ ಹಿಂದೆ ಸರಿಯುವ ಹೊತ್ತಿಗೆ ಕಾಣಿಸುತ್ತಿತ್ತು. ಬೆರಳುದ್ದದ ಗಿಡ. ಎಲೆ ತುಂಬಾ ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲೂ ಒಂದು ಅಂಟು ಹನಿ. ಬೇರು ಸಮೇತ ಕಿತ್ತು ತಂದು, ಹಳೇ ಪೇಪರ್ ನಡುವೆ ಹರಡಿ, ಮೇಲೆ ಭಾರ ಹೇರಿದ್ದೆ. ದಿನಾ ಪೇಪರ್ ಬದಲಾಯಿಸಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಆ ಅಂಟಿಗೆ ಪೇಪರಿನ ಚೂರು ಕಿತ್ತು ಬಂದು, ಒಂದು ಎಲೆಯ ಮೇಲೆ ಎರಡು ಅಕ್ಷರ ಹಾಗೇ ಉಳಿದುಬಿಟ್ಟಿತ್ತು. ಇನ್ನೊಂದು ಎಲೆ ಅರ್ಧ ಸುರುಳಿಯಾಗಿತ್ತು. ಒಳಗೆ ಸೊಳ್ಳೆಯಷ್ಟು ಪುಟ್ಟ ಹುಳ, ಸಿಕ್ಕಿಬಿದ್ದ ಭಂಗಿಯಲ್ಲೇ ಒಣಗಿತ್ತು.

ನಾನು ಅದನ್ನು ಪಿನ್ನಿನಿಂದ ತೆಗೆಯಲು ಹೊರಟಿದ್ದೆ. ಸರ್ ಲೆನ್ಸ್ ಹಿಡಿದು ನೋಡಿ, "ತೆಗೀಬೇಡ, ಇರ್ಲಿ. ಮುಂದೆ ಯಾರಿಗೋ ಬೇಕಾದೀತು" ಅಂದರು.

ಹೋದ ವರ್ಷ ಆ ಕಾಲೇಜಿಗೆ ಹೋಗಿದ್ದೆ. ಲ್ಯಾಬ್ ಹೊಸ ಕಟ್ಟಡಕ್ಕೆ ಬಂದಿದೆ. ಹಾಳೆಗಳು ಬಂದಿಲ್ಲ. ಹಳೇ ಬೀರುವಿನ ಜೊತೆ ಗುಜರಿಗೆ ಹೋದವಂತೆ. ಸ್ವಲ್ಪ ಗೆದ್ದಲು ಹಿಡಿದಿತ್ತು ಅಂತ ಅಲ್ಲಿನವರು ಅಂದರು. "ಈಗ ಎಲ್ಲದರ ಫೋಟೋ ಸಿಗುತ್ತಲ್ವಾ?" ಅಂತಲೂ ಕೇಳಿದರು.

ಆ ಪ್ರಶ್ನೆಗೆ ಅಲ್ಲಿ ನಿಂತುಕೊಂಡು ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಫೋಟೋ ಬೇಕು, ನಾನೂ ತೆಗೆಯುತ್ತೇನೆ. ಆದರೆ ಫೋಟೋದಲ್ಲಿ ಇರುವುದು ಆ ಹೊತ್ತಿಗೆ ಕ್ಯಾಮೆರಾ ಕಂಡದ್ದು ಮಾತ್ರ. ಹಾಳೆಯ ಮೇಲೆ ಗಿಡವೇ ಇದೆ. ಎಲೆಯ ಮೈಯಲ್ಲಿ ಗಾಳಿ ಒಳಗೆ ಹೊರಗೆ ಆಡುವುದಕ್ಕೆ ಅಂತ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಇಂಗ್ಲೆಂಡಿನ ವಿಜ್ಞಾನಿ ಇಯಾನ್ ವುಡ್‌ವರ್ಡ್ ಹರ್ಬೇರಿಯಂನಲ್ಲಿದ್ದ ಹಳೇ ಎಲೆಗಳನ್ನು ತೆಗೆದು ಆ ರಂಧ್ರಗಳನ್ನು ಎಣಿಸಿದರು. 1987ರಲ್ಲಿ ಫಲಿತಾಂಶ ಪ್ರಕಟವಾಯಿತು. 200 ವರ್ಷಗಳಲ್ಲಿ ರಂಧ್ರಗಳು ಸುಮಾರು ಶೇ 40ರಷ್ಟು ಕಡಿಮೆಯಾಗಿದ್ದವು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದ ಹಾಗೆ ಮರಗಳಿಗೆ ಅಷ್ಟು ರಂಧ್ರ ಬೇಕಾಗಲಿಲ್ಲ. ಆ ಎಲೆಗಳನ್ನು ಕಿತ್ತು ಒಣಗಿಸಿದವರಿಗೆ ಹವಾಮಾನ ಬದಲಾವಣೆ ಎಂಬ ಮಾತೇ ಗೊತ್ತಿರಲಿಲ್ಲ.

ನನ್ನನ್ನು ಇದಕ್ಕಿಂತ ಜಾಸ್ತಿ ತಟ್ಟಿದ್ದು ಆಲೂಗಡ್ಡೆಯ ಕತೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳಿಗೆ ಅಂಗಮಾರಿ ರೋಗ ಬಡಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ರೋಗದಿಂದ ಸತ್ತರು. ಅಷ್ಟೇ ಜನ ಊರು ಬಿಟ್ಟು ಹೋದರು. ಆ ದಿನಗಳಲ್ಲಿ ಯಾರೋ ರೋಗ ಹತ್ತಿದ ಎಲೆಗಳನ್ನು ಕಿತ್ತು, ಒತ್ತಿ, ಒಣಗಿಸಿ, ದಿನಾಂಕ ಬರೆದು ಇಟ್ಟರು. ಡಿಎನ್ಎ ಎಂಬುದು ಇದೆ ಅಂತ ಜಗತ್ತಿಗೆ ಆಗ ತಿಳಿದಿರಲಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನ ಮತ್ತು ಜರ್ಮನಿಯ ಮ್ಯೂನಿಕ್‌ನಲ್ಲಿ ಉಳಿದಿದ್ದ ಅಂಥ ಎಲೆಗಳಿಂದ 2013ರಲ್ಲಿ ವಿಜ್ಞಾನಿಗಳು ರೋಗಾಣುವಿನ ಡಿಎನ್ಎ ತೆಗೆದರು. ಅಲ್ಲಿಯವರೆಗೆ ತಪ್ಪಿತಸ್ಥ ಅಂದುಕೊಂಡಿದ್ದ ತಳಿ ಅದಾಗಿರಲಿಲ್ಲ, ಬೇರೆಯೇ ಒಂದಾಗಿತ್ತು. ಅದಕ್ಕೆ ಹರ್ಬ್-1 ಅಂತ ಹೆಸರಿಟ್ಟರು. ಹರ್ಬೇರಿಯಂನಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಈ ರೋಗ ಇವತ್ತಿಗೂ ಗೊತ್ತು. ಅದರ ತಳಿಗಳು ಹೇಗೆ ಬದಲಾಗುತ್ತಾ ಬಂದವು ಅಂತ ತಿಳಿಯುವುದಕ್ಕೆ ಹಳೇ ಎಲೆ ಬೇಕೇ ಬೇಕು. ಫೋಟೋದಿಂದ ಡಿಎನ್ಎ ಬರುವುದಿಲ್ಲ.

ಹೊಸ ಜಾತಿಗಳೂ ಹೀಗೇ ಬೀರುವಿನೊಳಗೆ ಕಾಯುತ್ತಿರುತ್ತವೆ. ಮೂರು ಮೀಟರ್ ಅಗಲದ ಎಲೆಯ ದೈತ್ಯ ನೈದಿಲೆ, ವಿಕ್ಟೋರಿಯಾ ಬೊಲಿವಿಯಾನಾ, ಕ್ಯೂನಲ್ಲಿ 177 ವರ್ಷ ಬೇರೆ ಜಾತಿ ಅನ್ನಿಸಿಕೊಂಡು ಕೂತಿತ್ತು. ಇದು ಹೊಸ ಜಾತಿ ಅಂತ ಪ್ರಕಟವಾಗಿದ್ದು 2022ರಲ್ಲಿ.

ನಮ್ಮಲ್ಲಿ ಈ ಕೆಲಸ ಆಗಿಯೇ ಇಲ್ಲ ಅಂತಲ್ಲ. ಸಸ್ಯವಿಜ್ಞಾನಿ ಫಾದರ್ ಸಿಸಿಲ್ ಸಲ್ಡಾನಾ ತಂಡ ಕಟ್ಟಿಕೊಂಡು ಹಾಸನ ಜಿಲ್ಲೆಯನ್ನು ಜಾಲಾಡಿದರು. ಅದರ ಫಲವಾಗಿ 1976ರಲ್ಲಿ ಆ ಜಿಲ್ಲೆಯ ಸಸ್ಯಗಳ ದೊಡ್ಡ ಪುಸ್ತಕ ಬಂತು. ಅವರು ಕಟ್ಟಿದ ಹರ್ಬೇರಿಯಂ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಪುಸ್ತಕದಲ್ಲಿ ಬರೆದಿದ್ದು ಸರಿಯೋ ತಪ್ಪೋ ಅಂತ ಇವತ್ತೂ ಹಾಳೆ ತೆಗೆದು ನೋಡಬಹುದು. ನನಗೆ ವಿಜ್ಞಾನ ಅಂದರೆ ಇದೇ. ನಾನು ಹೇಳಿದ್ದನ್ನು ನಂಬು ಅನ್ನುವುದಲ್ಲ, ಬಾ, ನೀನೇ ನೋಡು ಅನ್ನುವುದು.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. 19ನೇ ಶತಮಾನದ ನಡುಭಾಗದಲ್ಲಿ ಮಂಗಳೂರು ಸುತ್ತಮುತ್ತಲಿಂದ ಹೋದ ಗಿಡಗಳನ್ನು ಹೊಹೆನಾಕರ್ ಎಂಬವರು ಜರ್ಮನಿಯಲ್ಲಿ ಕೂತು, ಸೆಟ್ ಮಾಡಿ, ಯುರೋಪಿನ ಹರ್ಬೇರಿಯಂಗಳಿಗೆ ಮಾರುತ್ತಿದ್ದರು. ಲೇಬಲ್ ಮೇಲೆ "ಟೆರ್ರಾ ಕನಾರಾ" ಅಂತ ಅಚ್ಚು. ಕನ್ನಡ ಜಿಲ್ಲೆಯ ನೆಲ ಅಂತ ಅರ್ಥ. ಆ ಹಾಳೆಗಳು ಇವತ್ತಿಗೂ ಇವೆ. ಮನೆಯಲ್ಲೇ ಕೂತು ಸ್ಕ್ರೀನ್ ಮೇಲೆ ನೋಡಬಹುದು. ಅದೇ ಜಿಲ್ಲೆಯಲ್ಲಿ ನಾವು ಮೊನ್ನೆ ಮೊನ್ನೆ ಮಾಡಿದ ಹಾಳೆಗಳು ಗುಜರಿ ಲಾರಿ ಹತ್ತಿದವು.

ಆ ಮುರಕಲ್ಲಿನ ಪದವೂ ಈಗ ಮೊದಲಿನ ಹಾಗಿಲ್ಲ. ಅರ್ಧ ಕಲ್ಲಿನ ಕೋರೆ, ಅರ್ಧ ಸೈಟು. ಅಲ್ಲಿ ಡ್ರೊಸೆರಾ ಇತ್ತು ಅಂತ ನಾನು ಬಾಯಲ್ಲಿ ಹೇಳಿದರೆ ಯಾರು ನಂಬಬೇಕು?

ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಗೆಳೆಯರೇ, ನಿಮ್ಮ ಬೀರು ಒಮ್ಮೆ ತೆಗೆದು ನೋಡಿ. ಹುಳ ಹಿಡಿದಿದ್ದರೆ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಡೀಪ್ ಫ್ರೀಜರಿನಲ್ಲಿಟ್ಟರೆ ಹುಳ ಸಾಯುತ್ತದೆ. ಜಾಗ ಇಲ್ಲದಿದ್ದರೆ ಎಸೆಯುವ ಮೊದಲು ಯಾವುದಾದರೂ ದೊಡ್ಡ ಹರ್ಬೇರಿಯಂಗೆ ಒಂದು ಫೋನ್ ಮಾಡಿ. ಮಾರ್ಕಿಗೋಸ್ಕರ ಹುಡುಗರು ಮಾಡಿದ್ದು ಅಂತ ಸುಮ್ನೆ ಬಿಡಬೇಡಿ. ಊರು, ದಿನಾಂಕ, ಕಿತ್ತವರ ಹೆಸರು ಇದ್ದರೆ ಅದು ದಾಖಲೆ.

ಆಗ ನಾನು ಎರಡು ಡ್ರೊಸೆರಾ ಒಣಗಿಸಿದ್ದೆ. ಎರಡನೆಯದು ಹಳೇ ರೆಕಾರ್ಡ್ ಪುಸ್ತಕದೊಳಗೆ ಮೊನ್ನೆ ಸಿಕ್ಕಿತು. ಅದರಲ್ಲಿ ಹುಳ ಇಲ್ಲ. ಹಿಂದೆ ಪೆನ್ಸಿಲ್‌ನಲ್ಲಿ ತಾರೀಕು ಮಾತ್ರ ಬರೆದಿದ್ದೆ. ಪದವಿನ ಹೆಸರು, ನೀರು ನಿಲ್ಲುತ್ತಿದ್ದ ಆ ತಗ್ಗು, ಪಕ್ಕದ ದೈವದ ಕಟ್ಟೆ, ನೆನಪಿದ್ದಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ಇದು ಈಗ ನೆನಪಿನಿಂದ ಬರೆದದ್ದು ಅಂತ ಇವತ್ತಿನ ದಿನಾಂಕ ಹಾಕಿ ಜೊತೆಗೆ ಇಟ್ಟಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿಗೆ ಹೋಗುವಾಗ ತೆಗೆದುಕೊಂಡು ಹೋಗುತ್ತೇನೆ.